ಮಿಗ್-21 ಬಿಸ್‌ಗೆ ನಮ್ಮ ವಾಯುಪಡೆಯ ಬಣ್ಣ: ಸ್ಕಿನ್ ಲಿಸ್ಟಿನಲ್ಲೇ ಬರುತ್ತಿಲ್ಲ, ಬಂದರೂ ಪ್ಲಾಸ್ಟಿಕ್ ಆಟಿಕೆ ತರ ಕಾಣುತ್ತಿದೆ

ಬಾಲಂಗೋಚಿ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ತಲೆ ಕೆಟ್ಟು ಕೇಳುತ್ತಿದ್ದೇನೆ.

ಡಿಸಿಎಸ್ ವರ್ಲ್ಡ್ ಅನ್ನುವ ವಿಮಾನ ಹಾರಿಸುವ ಕಂಪ್ಯೂಟರ್ ಆಟದಲ್ಲಿರುವ ಮಿಗ್-21 ಬಿಸ್‌ಗೆ ಒಂದು ಸ್ಕಿನ್, ಅಂದರೆ ಮೈಗೆ ಹೊದಿಸುವ ಬಣ್ಣದ ಚಿತ್ರ, ಮಾಡಬೇಕು. ರೆಡಿಮೇಡ್ ಸ್ಕಿನ್‌ಗಳು ಬೇಕಾದಷ್ಟು ಸಿಗುತ್ತವೆ, ಗೊತ್ತು. ಆದರೆ ನನಗೆ ಬೇಕಾಗಿರುವುದು ಒಂದೇ ಒಂದು ವಿಮಾನ. ನಮ್ಮ ದೊಡ್ಡಪ್ಪ ವಾಯುಪಡೆಯಲ್ಲಿದ್ದವರು. ಪೈಲಟ್ ಅಲ್ಲ, ಏರ್‌ಮನ್. ಮಿಗ್-21 ಬಿಸ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಈಗ ಅರಸೀಕೆರೆ ಕಡೆ ತೋಟ ನೋಡಿಕೊಂಡಿದ್ದಾರೆ. ಅವರ ಹತ್ತಿರ ಒಂದು ಹಳೇ ಕಲರ್ ಫೋಟೋ ಇದೆ. ಎಡರೆಕ್ಕೆಯ ಪಕ್ಕ ನಿಂತಿದ್ದಾರೆ, ಹಿಂದೆ ವಿಮಾನ, ಮೇಲೆ ಹಸಿರು-ಕಂದು, ಕೆಳಗೆ ತಿಳಿ ಬೂದು. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21ಗೆ ಬೀಳ್ಕೊಡುಗೆ ಆಯಿತಲ್ಲ, ಅವತ್ತು ಟಿವಿ ಮುಂದೆ ಕೂತವರು ಊಟಕ್ಕೆ ಕರೆದರೂ ಏಳಲಿಲ್ಲ. ಆಗ ಅನ್ನಿಸಿತು, ಈ ಫೋಟೋದಲ್ಲಿರುವ ವಿಮಾನವನ್ನೇ ಮಾಡಿ ತೋರಿಸೋಣ ಅಂತ. ಹಬ್ಬಕ್ಕೆ ಬರುತ್ತಾರೆ. ಅಷ್ಟರಲ್ಲಿ ಆಗಬೇಕು.

ಇಲ್ಲಿವರೆಗೆ ಮಾಡಿದ್ದು ಇಷ್ಟು. ಟೆಂಪ್ಲೇಟ್ ಇಳಿಸಿಕೊಂಡು ಜಿಂಪ್ ಅನ್ನುವ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ತೆರೆದೆ. ಬಣ್ಣ ಬಳಿದೆ, ರೌಂಡಲ್ (ವಾಯುಪಡೆಯ ದುಂಡು ಗುರುತು) ಹಾಕಿದೆ, ಮೇಲೊಂದು ಕೊಳೆ ಬ್ರಷ್ ಇಡೀ ವಿಮಾನಕ್ಕೆ ಎಳೆದೆ. ಆಟ ಓದುವ ಡಿಡಿಎಸ್ ಚಿತ್ರ ಮಾಡಿ ಸೇವ್ ಮಾಡಿದೆ. ಸೇವ್ಡ್ ಗೇಮ್ಸ್ ಒಳಗೆ ಡಿಸಿಎಸ್ ಫೋಲ್ಡರ್, ಅದರೊಳಗೆ ಲಿವರೀಸ್, ಅದರೊಳಗೆ ವಿಮಾನದ ಹೆಸರಿನ ಫೋಲ್ಡರ್, ಅದರೊಳಗೆ ನನ್ನ ಫೋಲ್ಡರ್. ಆ ಕೊನೆಯ ಫೋಲ್ಡರಿಗೆ ಪ್ರೀತಿಯಿಂದ ಕನ್ನಡದಲ್ಲೇ 'ದೊಡ್ಡಪ್ಪ' ಅಂತ ಹೆಸರಿಟ್ಟೆ. ಯಾವ ಭಾಗಕ್ಕೆ ಯಾವ ಚಿತ್ರ ಅಂತ ಆಟಕ್ಕೆ ಹೇಳುವ ಡಿಸ್ಕ್ರಿಪ್ಷನ್ ಲುವಾ ಫೈಲನ್ನು ನೋಟ್‌ಪ್ಯಾಡಿನಲ್ಲಿ ಬರೆದೆ.

ಆಟ ತೆರೆದರೆ ಲಿಸ್ಟಿನಲ್ಲಿ ಹೆಸರೇ ಇಲ್ಲ. ಆಮೇಲೆ ಬೇರೆಯವರ ಸ್ಕಿನ್ ಫೋಲ್ಡರ್ ಕಾಪಿ ಮಾಡಿ ಅದರೊಳಗೆ ನನ್ನ ಫೈಲ್ ತುರುಕಿದೆ. ಹೆಸರು ಬಂತು, ವಿಮಾನ ಮಾತ್ರ ಡೀಫಾಲ್ಟ್ ಬಣ್ಣದಲ್ಲೇ ನಿಂತಿದೆ. ನಿನ್ನೆ ರಾತ್ರಿ ಎರಡು ಗಂಟೆಗೆ ಏನೋ ಮಾಡಿ ಒಂದು ಭಾಗದಲ್ಲಿ ನನ್ನ ಬಣ್ಣ ಬಂತು. ಏನು ಮಾಡಿದೆ ಅಂತ ನೆನಪಿಲ್ಲ. ಬಂದಿದ್ದೂ ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ವಿಮಾನದ ತರ ಇದೆ, ಹಸಿರು ಫಳಫಳ ಅನ್ನುತ್ತಿದೆ.

ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡ್ 6 ಜಿಬಿ. ಎಲ್ಲಿ ತಪ್ಪಿದೆ ಹೇಳಿ ಪುಣ್ಯ ಕಟ್ಟಿಕೊಳ್ಳಿ. ಹಾಗೇ ಇನ್ನೊಂದು, ಬಿಸ್ ಅನ್ನು ಬೈಸನ್ (ಬಿಸ್‌ನ ನವೀಕರಿಸಿದ ರೂಪ) ಮಾಡುವ ಮಾಡ್, ಅಂದರೆ ಆಟವನ್ನೇ ಬದಲಾಯಿಸುವ ಹೆಚ್ಚುವರಿ ಫೈಲುಗಳು, ಏನಾದರೂ ಹಾಕಿಕೊಳ್ಳಬಹುದಾ? ಆನ್‌ಲೈನ್ ಆಡುವಾಗ ತೊಂದರೆ ಆಗುತ್ತಾ?


ರನ್‌ವೇ_ತುದಿ:

ಬಾಲಂಗೋಚಿ, ಈ ಕಾಯಿಲೆ ಇಲ್ಲಿ ಎಲ್ಲರಿಗೂ ಒಂದು ಸಲ ಬಂದು ಹೋಗಿದೆ. ಬಣ್ಣದ ವಿಷಯ ಆಮೇಲೆ. ಮೊದಲು ಫೈಲ್.

ನೋಟ್‌ಪ್ಯಾಡ್ ಅಂದಿರಲ್ಲ, ಅಲ್ಲೇ ನನಗೆ ಅನುಮಾನ ಬಂತು. ವಿಂಡೋಸ್ ಫೈಲಿನ ಬಾಲ ಮುಚ್ಚಿಡುತ್ತದೆ. ನಿಮಗೆ ಡಿಸ್ಕ್ರಿಪ್ಷನ್ ಡಾಟ್ ಲುವಾ ಅಂತ ಕಂಡರೂ ನಿಜವಾದ ಹೆಸರು ಡಿಸ್ಕ್ರಿಪ್ಷನ್ ಡಾಟ್ ಲುವಾ ಡಾಟ್ ಟಿಎಕ್ಸ್‌ಟಿ ಆಗಿರುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ ವ್ಯೂಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್‌ಗೆ ಟಿಕ್ ಹಾಕಿ ನೋಡಿ. ನಾನು ಇದೇ ತಪ್ಪಿಗೆ ಒಂದು ಇಡೀ ಭಾನುವಾರ ಕಳೆದಿದ್ದೇನೆ, ಮನೆಯಲ್ಲಿ ಬೈಸಿಕೊಂಡಿದ್ದು ಬೇರೆ. ಇನ್ನು ಮುಂದೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬಳಸಿ.

ಎರಡನೇದು ಫೋಲ್ಡರ್ ಹೆಸರು. ಕನ್ನಡದಲ್ಲಿ 'ದೊಡ್ಡಪ್ಪ' ಅಂತ ಇಟ್ಟಿದ್ದು ಓದಿ ಖುಷಿಯಾಯಿತು, ಆದರೆ ಬೇಡ. ಇಂಥ ಆಟಗಳಲ್ಲಿ ಫೋಲ್ಡರ್ ದಾರಿ ಪೂರ್ತಿ ಇಂಗ್ಲಿಷ್ ಅಕ್ಷರಗಳಲ್ಲಿರಲಿ, ನಡುವೆ ಜಾಗ ಬಿಡಬೇಡಿ. ವಿಮಾನದ ಹೆಸರಿನ ಫೋಲ್ಡರ್ ಇದೆಯಲ್ಲ, ಅದನ್ನು ನಿಮ್ಮ ಮನಸ್ಸಿಗೆ ಬಂದ ಹಾಗೆ ಬರೆಯುವ ಹಾಗಿಲ್ಲ. ಆಟ ಇನ್‌ಸ್ಟಾಲ್ ಆದ ಜಾಗಕ್ಕೆ ಹೋಗಿ ಅಲ್ಲಿ ಲಿವರೀಸ್ ಒಳಗೆ ಯಾವ ಹೆಸರಿದೆಯೋ ಅದನ್ನೇ ಕಾಪಿ ಮಾಡಿ. ಗೆರೆ, ಅಂಕಿ ಎಲ್ಲ ಹಾಗೇ ಇರಬೇಕು.

ಮೂರನೇದು ದೇಶದ ಸಾಲು. ಲುವಾ ಫೈಲಿನ ಕೊನೆಯಲ್ಲಿ ಕಂಟ್ರೀಸ್ ಅಂತ ಬರುತ್ತದೆ. ಅಲ್ಲಿ ಇಂಡಿಯಾ ಅಂತ ಪೂರ್ತಿ ಬರೆದಿದ್ದರೆ ಆಗಲ್ಲ, ಐ-ಎನ್-ಡಿ ಅಂತ ಮೂರೇ ಅಕ್ಷರ. ಆಗಲೂ ಮಿಷನ್ ಎಡಿಟರಿನಲ್ಲಿ ವಿಮಾನದ ದೇಶ ಭಾರತ ಆಗಿದ್ದರೆ ಮಾತ್ರ ಲಿಸ್ಟಿನಲ್ಲಿ ಬರುತ್ತದೆ. ಸದ್ಯಕ್ಕೆ ಆ ಸಾಲನ್ನೇ ತೆಗೆದುಹಾಕಿ, ಎಲ್ಲ ದೇಶಕ್ಕೂ ಕಾಣುತ್ತದೆ.

ಈಗ ಬಣ್ಣ ಡೀಫಾಲ್ಟ್ ಆಗಿ ಬಂದಿದ್ದಕ್ಕೆ ಕಾರಣ. ಲುವಾದಲ್ಲಿ ಒಂದೊಂದು ಸಾಲಿನಲ್ಲೂ ನಾಲ್ಕು ಮಾತು ಇರುತ್ತವೆ: ಮೆಟೀರಿಯಲ್ (ವಿಮಾನದ ಭಾಗ) ಹೆಸರು, ಅದು ಯಾವ ತರದ ಟೆಕ್ಸ್ಚರ್ (ಆ ಭಾಗಕ್ಕೆ ಹೊದಿಸುವ ಚಿತ್ರ), ಫೈಲಿನ ಹೆಸರು, ಕೊನೆಗೆ ಟ್ರೂ ಅಥವಾ ಫಾಲ್ಸ್. ಈ ಕೊನೆಯದರಲ್ಲಿ ಎಲ್ಲರೂ ಎಡವುತ್ತಾರೆ, ಯಾಕೆಂದರೆ ಅರ್ಥ ಉಲ್ಟಾ ಅನ್ನಿಸುತ್ತದೆ. ಟ್ರೂ ಅಂದರೆ 'ಆಟದ್ದೇ ಫೈಲ್ ತಗೋ', ಫಾಲ್ಸ್ ಅಂದರೆ 'ಈ ಫೋಲ್ಡರಿನಲ್ಲಿ ನಾನಿಟ್ಟಿದ್ದು ತಗೋ'. ನೀವು ಕಾಪಿ ಮಾಡಿದ ಸ್ಕಿನ್‌ನಲ್ಲಿ ಅರ್ಧ ಸಾಲು ಟ್ರೂ ಇರಬೇಕು. ರಾತ್ರಿ ಎರಡಕ್ಕೆ ನೀವು ಅದರಲ್ಲಿ ಒಂದನ್ನು ಫಾಲ್ಸ್ ಮಾಡಿರುತ್ತೀರಿ, ಅಷ್ಟೆ.

ಮತ್ತೆ, ಆಟ ಮೌನವಾಗಿ ಕೈಕೊಟ್ಟರೂ ಎಲ್ಲೋ ಒಂದು ಕಡೆ ಬರೆದಿಟ್ಟಿರುತ್ತದೆ. ಸೇವ್ಡ್ ಗೇಮ್ಸ್ ಒಳಗೆ ಲಾಗ್ಸ್ ಫೋಲ್ಡರಿನಲ್ಲಿ ಡಿಸಿಎಸ್ ಲಾಗ್ ತೆರೆದು ನಿಮ್ಮ ಸ್ಕಿನ್ ಹೆಸರು ಹುಡುಕಿ. ಒಂದು ಕಾಮಾ ಬಿಟ್ಟುಹೋಗಿದ್ದರೂ ಅಲ್ಲಿ ಗೊತ್ತಾಗುತ್ತದೆ.

ಪ್ರತಿ ಸಲ ಆಟ ತೆರೆದು ಮಿಷನ್ ಲೋಡ್ ಮಾಡಿ ನೋಡಬೇಡಿ, ಹಬ್ಬ ಅಲ್ಲ ಮುಂದಿನ ಯುಗಾದಿ ಬಂದರೂ ಮುಗಿಯಲ್ಲ. ಮಾಡೆಲ್ ವ್ಯೂವರ್ ಅಂತ ಪುಕ್ಕಟೆ ಟೂಲ್ ಇದೆ. ವಿಮಾನದ ತ್ರೀಡಿ ಆಕಾರ ಇರುವ ಇಡಿಎಂ ಫೈಲ್ ತೆರೆದು, ನಿಮ್ಮ ಲಿವರಿ (ಸ್ಕಿನ್) ಆರಿಸಿ, ತಿರುಗಿಸಿ ತಿರುಗಿಸಿ ನೋಡಿ.


ಹಳೇರೆಕ್ಕೆ:

ರನ್‌ವೇ ಹೇಳಿದ್ದು ಸರಿ. ಪ್ಲಾಸ್ಟಿಕ್ ಕಾಯಿಲೆಗೆ ನಾನು ಔಷಧಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ನಾನು ಸ್ಕಿನ್ ಮಾಡಲು ಕಲಿತಿದ್ದು ಐಎಲ್-2 1946 ಅನ್ನುವ ಹಳೇ ಆಟದ ಕಾಲದಲ್ಲಿ. ಆಗ ಇಡೀ ವಿಮಾನಕ್ಕೆ 1024ಕ್ಕೆ 1024 ಪಿಕ್ಸೆಲ್‌ನ ಒಂದೇ ಬಿಎಂಪಿ ಚಿತ್ರ, ಅದೂ ಬರೀ 256 ಬಣ್ಣ. ಹಸಿರಿನ ಆರು ಛಾಯೆ ಬಳಸಿದರೆ ರೌಂಡಲ್ಲಿಗೆ ಬಣ್ಣ ಉಳಿಯುತ್ತಿರಲಿಲ್ಲ. ಹೊಳಪು, ತುಕ್ಕು, ನೆರಳು ಎಲ್ಲವನ್ನೂ ಅದೇ ಚಿತ್ರದಲ್ಲಿ ಕೈಯಲ್ಲೇ ಬರೆಯಬೇಕಿತ್ತು. ಈಗ ಹಾಗಲ್ಲ, ಹಾಗಲ್ಲ ಅನ್ನುವುದೇ ನಿಮ್ಮ ತೊಂದರೆ. ನೀವು ಬಣ್ಣದ ಫೈಲ್ ಒಂದನ್ನೇ ಬದಲಾಯಿಸಿದ್ದೀರಿ. ಅದರ ಜೊತೆ ರಫ್‌ಮೆಟ್ ಅಂತ ಇನ್ನೊಂದು ಇದೆ. ಬೆಳಕು ವಿಮಾನದ ಮೈ ಮೇಲೆ ಬಿದ್ದಾಗ ಏನಾಗಬೇಕು ಅಂತ ಹೇಳುವುದು ಅದು.

ಅದನ್ನು ಜಿಂಪ್‌ನಲ್ಲಿ ತೆರೆದರೆ ವಿಚಿತ್ರ ಬಣ್ಣಗಳ ಕಲಸುಮೇಲೋಗರ ಕಾಣುತ್ತದೆ, ಹೆದರಬೇಡಿ. ಅದು ಚಿತ್ರ ಅಲ್ಲ. ಮೂರು ಬೇರೆ ಬೇರೆ ಕಪ್ಪು-ಬಿಳುಪು ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಕೆಂಪು ಚಾನೆಲ್ಲಿನಲ್ಲಿ ಸಂದಿಗೊಂದಿಯ ನೆರಳು, ಅದನ್ನು ಮುಟ್ಟಲೇಬೇಡಿ. ಹಸಿರಿನಲ್ಲಿ ಒರಟುತನ, ಬಿಳಿಯಾದಷ್ಟೂ ಮಂಕು, ಕಪ್ಪಾದಷ್ಟೂ ಹೊಳಪು. ನೀಲಿಯಲ್ಲಿ ಲೋಹವೋ ಅಲ್ಲವೋ ಅನ್ನುವುದು. ಡೀಫಾಲ್ಟ್ ಫೈಲ್ ಬೇರೆ ವಿಮಾನದ ಮೈಗೆ ಮಾಡಿದ್ದು. ನೀವು ಅದರ ಮೇಲೆ ಹಸಿರು ಬಳಿದು ಒರಟುತನ ಹಾಗೇ ಬಿಟ್ಟರೆ, ಮ್ಯಾಟ್ ಪೇಂಟ್ ಹೊಳೆಯದೆ ಇನ್ನೇನಾಗುತ್ತದೆ?

ಪೇಂಟ್ ಇರುವ ಕಡೆ ನೀಲಿ ಚಾನೆಲ್ ಪೂರ್ತಿ ಕಪ್ಪು ಮಾಡಿ. ಒಳಗೆ ಅಲ್ಯೂಮಿನಿಯಂ ಇರಬಹುದು, ಕಣ್ಣಿಗೆ ಕಾಣುವುದು ಬಣ್ಣ ತಾನೇ. ಪೇಂಟ್ ಎದ್ದು ಲೋಹ ಕಾಣುವ ಕಡೆ ಬಿಳಿ. ಅರ್ಧಂಬರ್ಧ ಬೂದು ಇಟ್ಟರೆ ಅತ್ತ ಲೋಹವೂ ಅಲ್ಲ ಇತ್ತ ಬಣ್ಣವೂ ಅಲ್ಲ, ಅದೇ ನಿಮ್ಮ ಜಾತ್ರೆ ಪ್ಲಾಸ್ಟಿಕ್. ಮಿಗ್-21ರ ಮೂಗಿನ ಕೋನು ಒಳಗೆ ರಾಡಾರ್ ಇದೆ, ಅದು ಲೋಹದ್ದಲ್ಲ. ಬಾಲದ ತುದಿಯೂ ಹಾಗೇ. ಅಲ್ಲೆಲ್ಲ ಪೇಂಟ್ ಎದ್ದಿದೆ ಅಂತ ಬೆಳ್ಳಿ ಗೀರು ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಿಂಭಾಗದಲ್ಲಿ ಆಫ್ಟರ್‌ಬರ್ನರ್ ಸುತ್ತ ಮಾತ್ರ ನಿಜವಾದ ಬರೀ ಲೋಹ. ಬಿಸಿಗೆ ಹಾಲಿನ ಪಾತ್ರೆ ತಳ ಹಿಡಿದ ಹಾಗೆ ಹಳದಿ, ಕಂದು, ಅಲ್ಲಲ್ಲಿ ನೀಲಿ.

ಬಿಳಿಯನ್ನು 255 ಇಡಬೇಡಿ. ಆಟದ ಬಿಸಿಲು ಅದರ ಮೇಲೆ ಬಿದ್ದರೆ ಟ್ಯೂಬ್‌ಲೈಟ್ ತರ ಉರಿಯುತ್ತದೆ. ರೌಂಡಲ್ಲಿನ ಬಿಳಿಗೆ 210ರ ಆಸುಪಾಸು ಸಾಕು. ಕಪ್ಪೂ ಪೂರ್ತಿ ಸೊನ್ನೆ ಬೇಡ.

ಇನ್ನು ನಿಮ್ಮ 6 ಜಿಬಿ. 4096ರ ಒಂದು ಚಿತ್ರ ಕಂಪ್ರೆಸ್ ಮಾಡದೆ ಇಟ್ಟರೆ 64 ಎಂಬಿ. ಬಿಸಿ7 ಅನ್ನುವ ಕಂಪ್ರೆಷನ್‌ನಲ್ಲಿ ಉಳಿಸಿದರೆ 16, ಬಿಸಿ1 ಆದರೆ 8. ಮಿಪ್‌ಮ್ಯಾಪ್ (ದೂರದಿಂದ ನೋಡುವಾಗ ಬಳಸುವ ಚಿಕ್ಕ ಪ್ರತಿಗಳು) ಸೇರಿದರೆ ಇದರ ಮೇಲೆ ಮೂರನೇ ಒಂದು ಭಾಗ ಜಾಸ್ತಿ. ಜಾಗ ಉಳಿಸಲು ಹೋಗಿ ಮಿಪ್‌ಮ್ಯಾಪ್ ಬಿಡಬೇಡಿ, ಇಲ್ಲದಿದ್ದರೆ ದೂರದಿಂದ ವಿಮಾನ ಮಿಣಮಿಣ ಅನ್ನುತ್ತದೆ. ಮೈಯ ಬಣ್ಣಕ್ಕೆ 4096 ಇರಲಿ. ಡ್ರಾಪ್ ಟ್ಯಾಂಕಿಗೆ 1024 ಸಾಕು, ಅದನ್ನು ಯಾರು ಮೂಗು ತಾಗಿಸಿ ನೋಡುತ್ತಾರೆ?

ಕೊನೆಗೆ ಆ ಕೊಳೆ ಬ್ರಷ್. ಡಿಲೀಟ್ ಮಾಡಿ. ಇಡೀ ವಿಮಾನಕ್ಕೆ ಒಂದೇ ಸಮ ಕೊಳೆ ಆಗುವುದು ಗೋಡೌನಿನಲ್ಲಿ ನಿಂತ ವಿಮಾನಕ್ಕೆ. ಹಾರುವ ವಿಮಾನಕ್ಕೆ ಕೈ ಕಾಲು ತಾಗುವಲ್ಲಿ, ಎಣ್ಣೆ ಸೋರುವಲ್ಲಿ, ಹೊಗೆ ಬಡಿಯುವಲ್ಲಿ ಕೊಳೆಯಾಗುತ್ತದೆ. ಎಲ್ಲಿ ಅಂತ ನನ್ನನ್ನು ಯಾಕೆ ಕೇಳುತ್ತೀರಿ, ದೊಡ್ಡಪ್ಪನಿಗೆ ಫೋನ್ ಮಾಡಿ!


ಗೂಟದಕಾಗೆ:

ನಾನು ಇಲ್ಲಿ ತಪ್ಪು ಹುಡುಕುವವನು ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ನೇರ ವಿಷಯಕ್ಕೆ.

ಬಿಸ್ ಬೇರೆ, ಬೈಸನ್ ಬೇರೆ. ಡಿಸಿಎಸ್‌ನಲ್ಲಿರುವುದು ಬಿಸ್. ಬೈಸನ್‌ಗೆ ಮುಂದಿನ ಗಾಜು ಚೌಕಟ್ಟಿಲ್ಲದ ಒಂದೇ ತುಂಡು, ಒಳಗೆ ರಾಡಾರ್ ಬೇರೆ, ಕಾಕ್‌ಪಿಟ್ ಬೇರೆ. ಅದನ್ನು ಬಣ್ಣ ಬಳಿದು ತರಲು ಆಗುವುದಿಲ್ಲ. ನಿಮ್ಮ ದೊಡ್ಡಪ್ಪ ಕೆಲಸ ಮಾಡಿದ್ದು ಬಿಸ್ ಮೇಲೆ ಅಂದಮೇಲೆ ಬೈಸನ್ ಯಾಕೆ ಬೇಕು? ಸೀರಿಯಲ್ ನಂಬರ್ ನೋಡಿದರೆ ಗೊತ್ತಾಗುತ್ತದೆ. ಬಿಸ್‌ಗೆ ಸಿ ಅಕ್ಷರ, ಮುಂದೆ ಅಂಕಿ. ಅದೇ ವಿಮಾನ ಬೈಸನ್ ಆದಮೇಲೆ ಸಿ-ಯು. ಫೋಟೋ ಹಿಗ್ಗಿಸಿ ಒಂದೊಂದೇ ಅಕ್ಷರ ಓದಿ.

ಎಷ್ಟೋ ಜನ ಬಿಸ್ ಮೇಲೆ 1971ರ ಯುದ್ಧದ ಬಣ್ಣ ಬಳಿಯುತ್ತಾರೆ. 1971ರಲ್ಲಿ ನಮ್ಮ ಹತ್ತಿರ ಹೆಚ್ಚಾಗಿ ಇದ್ದಿದ್ದು ಮಿಗ್-21 ಎಫ್‌ಎಲ್ ಅನ್ನುವ ಹಳೇ ಮಾದರಿ. ಡಿಸೆಂಬರ್ 14ರಂದು ಢಾಕಾದ ಗವರ್ನರ್ ಹೌಸ್ ಮೇಲೆ ಹೋದ ಮಿಗ್-21ಗಳೂ ಅವೇ. ಎಫ್‌ಎಲ್‌ನ ಬೆನ್ನು ತೆಳ್ಳಗೆ, ಬಿಸ್‌ನ ಬೆನ್ನು ದಪ್ಪ. ಬೆಳ್ಳಿ ಮೈಯ ಮೇಲೆ ಅವಸರದಲ್ಲಿ ಬಳಿದ ಆ ಹಸಿರು ಪಟ್ಟೆಗಳು ಚೆನ್ನಾಗಿ ಕಾಣುತ್ತವೆ ನಿಜ. ಆದರೆ ದಪ್ಪ ಬೆನ್ನಿನ ಮೇಲೆ ಅದನ್ನು ನೋಡಿದರೆ ನನಗೆ ಮದುವೆ ಮನೆಯಲ್ಲಿ ಬೇರೆಯವರ ಪಂಚೆ ಉಟ್ಟವರ ನೆನಪಾಗುತ್ತದೆ.

ರೌಂಡಲ್ಲಿನಲ್ಲಿ ಕೇಸರಿ ಹೊರಗೆ, ಹಸಿರು ನಡುವೆ. ಉಲ್ಟಾ ಹಾಕಿದವರಿದ್ದಾರೆ, ಹೆಸರು ಹೇಳುವುದಿಲ್ಲ. ಬಾಲದ ಮೇಲಿನ ಮೂರು ಪಟ್ಟಿ ಎಡಕ್ಕೂ ಬಲಕ್ಕೂ ಕನ್ನಡಿಯಲ್ಲಿ ನೋಡಿದ ಹಾಗೆ ಇರುತ್ತದೆ, ಎರಡೂ ಕಡೆಯ ಫೋಟೋ ಸಿಗುವವರೆಗೆ ಅಂದಾಜಿನ ಮೇಲೆ ಹಾಕಬೇಡಿ. ಟೆಂಪ್ಲೇಟಿನಲ್ಲಿ ಸ್ಟೆನ್ಸಿಲ್ (ಮೈ ಮೇಲಿನ ಸಣ್ಣ ಸೂಚನಾ ಬರಹ) ರಷ್ಯನ್ ಅಕ್ಷರದಲ್ಲಿದ್ದರೆ ಅದನ್ನೂ ತೆಗೆಯಿರಿ.

ಬೆಂಗಳೂರಿಗೆ ಬಂದರೆ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಮ್ಮಿಗೆ ಹೋಗಿ. 2001ರಲ್ಲಿ ಶುರುವಾಗಿದ್ದು. ಮಿಗ್-21 ಇದೆ, ಎಚ್‌ಎಎಲ್ ಮಾಡಿದ ಮಾರುತ್ ಫೈಟರ್ ಇದೆ. ಬಣ್ಣ ನಂಬಬೇಡಿ, ಮ್ಯೂಸಿಯಮ್ಮಿನಲ್ಲಿ ವಿಮಾನಕ್ಕೆ ಗೇಟಿಗೆ ಬಳಿದ ಹಾಗೆ ಮತ್ತೆ ಮತ್ತೆ ಪೇಂಟ್ ಬಳಿಯುತ್ತಾರೆ. ರಿವೆಟ್ಟು, ಪ್ಯಾನಲ್ ಸಂದು, ಸ್ಕ್ರೂಗಳ ಸಾಲು ಮಾತ್ರ ಸುಳ್ಳು ಹೇಳುವುದಿಲ್ಲ. ಅವನ್ನು ಹತ್ತಿರದಿಂದ ತೆಗೆಯಿರಿ. ಅಲ್ಲಿಗೆ ಹೋದಾಗಲೆಲ್ಲ ನನಗೆ ಹೊಟ್ಟೆಕಿಚ್ಚು ಒಂದೇ. 1961ರ ಜೂನ್ 17ರಂದು ಇದೇ ಊರಿನಲ್ಲಿ ಮೊದಲ ಸಲ ಹಾರಿದ ಮಾರುತ್ ಡಿಸಿಎಸ್‌ನಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಇರಲಿ, ಅದು ಬೇರೆ ಗೋಳು.

ದೊಡ್ಡಪ್ಪನ ಫೋಟೋ ಇಲ್ಲಿ ಹಾಕಬೇಡಿ. ಅವರ ಮುಖ, ಹಿಂದೆ ನಿಂತವರ ಮುಖ, ಹೆಸರಿನ ಪಟ್ಟಿ ಎಲ್ಲ ಇರುತ್ತದೆ. ವಿಮಾನದ ಭಾಗ ಮಾತ್ರ ಕತ್ತರಿಸಿ ಹಾಕಿ.


ಹಳೇರೆಕ್ಕೆ:

ಗೂಟದಕಾಗೆ ಅವರೇ, ಉಲ್ಟಾ ರೌಂಡಲ್ ನನ್ನದು ಅಂತ ಇವರಿಗೆ ಈಗ ಗೊತ್ತಾಯಿತು, ಸಂತೋಷ. ನನ್ನ ಇನ್ನೊಂದು ತಪ್ಪನ್ನು ನಾನೇ ಹೇಳಿಬಿಡುತ್ತೇನೆ. ಇಂಫಾಲದಲ್ಲಿದ್ದ ನಮ್ಮ ನಂಬರ್ 1 ಸ್ಕ್ವಾಡ್ರನ್ನಿನ ಹರಿಕೇನ್ ವಿಮಾನದ ಸ್ಕಿನ್ ಮಾಡಿದ್ದೆ, 1944ರದ್ದು, ಅರ್ಜನ್ ಸಿಂಗ್ ಅವರು ಕಮಾಂಡ್ ಮಾಡುತ್ತಿದ್ದಾಗಿನದು. ಬ್ರಿಟಿಷರ ಕೆಂಪು-ನೀಲಿ ರೌಂಡಲ್ ಹಾಕಿ ಅಪ್‌ಲೋಡ್ ಮಾಡಿದೆ. ಬರ್ಮಾ ಕಡೆ ಜಪಾನಿನ ಕೆಂಪು ಉಂಡೆ ಅಂದುಕೊಂಡು ನಮ್ಮವರೇ ಗುಂಡು ಹಾರಿಸಬಾರದು ಅಂತ ಕೆಂಪನ್ನೇ ತೆಗೆದು, ಬರೀ ಕಡುನೀಲಿ-ತಿಳಿನೀಲಿ ಮಾಡಿದ್ದರು. ಒಬ್ಬರು ಹೇಳಿದ ಮೇಲೆ ಗೊತ್ತಾಗಿದ್ದು. ಅಷ್ಟರಲ್ಲಿ ಅದನ್ನು ಇಳಿಸಿಕೊಂಡವರು ಇಳಿಸಿಕೊಂಡಿದ್ದರು. ಈಗಲೂ ಎಲ್ಲೋ ಹಾರುತ್ತಿರುತ್ತದೆ.


ಬಾಲಂಗೋಚಿ:

ಎಲ್ಲರಿಗೂ ಸಾವಿರ ಥ್ಯಾಂಕ್ಸ್. ರನ್‌ವೇ ಅಣ್ಣಾ, ಡಾಟ್ ಟಿಎಕ್ಸ್‌ಟಿನೇ! ಒಂದು ವಾರ ಕೂದಲು ಕಿತ್ತುಕೊಂಡಿದ್ದು ಅದಕ್ಕೆ. ಹೆಸರು ಸರಿ ಮಾಡಿದ ತಕ್ಷಣ ಲಿಸ್ಟಿನಲ್ಲಿ ಬಂತು. ಆಮೇಲೆ ಟ್ರೂಗಳನ್ನೆಲ್ಲ ಫಾಲ್ಸ್ ಮಾಡಿದೆ. ನನ್ನ ಹತ್ತಿರ ಇಲ್ಲದ ಫೈಲಿಗೂ ಫಾಲ್ಸ್ ಮಾಡಿ ಮತ್ತೆ ಕೆಡಿಸಿದೆ. ಆಮೇಲೆ ನಾನಿಟ್ಟ ಫೈಲುಗಳಿಗೆ ಮಾತ್ರ ಫಾಲ್ಸ್ ಬಿಟ್ಟೆ, ಸರಿಹೋಯಿತು.

ಹಳೇರೆಕ್ಕೆ ಮೇಡಂ, ರಫ್‌ಮೆಟ್‌ನ ನೀಲಿ ಚಾನೆಲ್ ಕಪ್ಪು ಮಾಡಿ ಹಸಿರು ಚಾನೆಲ್ಲನ್ನು ತಿಳಿ ಮಾಡಿದೆ. ನಂಬಲಿಕ್ಕೆ ಆಗಲಿಲ್ಲ. ಬಣ್ಣ ಅದೇ, ಒಂದು ಪಿಕ್ಸೆಲ್ಲೂ ಬದಲಾಯಿಸಿಲ್ಲ, ಆದರೆ ಬಿಸಿಲಲ್ಲಿ ನಿಂತ ವಿಮಾನ ಆಗಿಬಿಟ್ಟಿದೆ.

ಹೊಸ ತೊಂದರೆ ಎರಡು. ಬಲಗಡೆ ಸೀರಿಯಲ್ ನಂಬರ್ ಕನ್ನಡಿಯಲ್ಲಿ ನೋಡಿದ ಹಾಗೆ ಬಂದಿದೆ. ಮತ್ತೆ, ಮೂಗಿನ ಹತ್ತಿರ ನಾನು ಬರೆಯದೇ ಇರುವ ಒಂದು ನಂಬರ್ ತಾನಾಗಿಯೇ ಬಂದು ಕೂತಿದೆ. ಅದು ಎಲ್ಲಿಂದ ಬಂತು?


ರನ್‌ವೇ_ತುದಿ:

ಮೊದಲನೇದು ನಿಮ್ಮ ಸೋಮಾರಿತನ. ಎಡಗಡೆ ಲೇಯರ್ ಕಾಪಿ ಮಾಡಿ ಫ್ಲಿಪ್ ಮಾಡಿದ್ದೀರಿ. ಕ್ಯಾಮೊ (ಮರೆಮಾಚುವ ಹಸಿರು-ಕಂದು ಬಣ್ಣ) ಹಾಗೆ ಮಾಡಿದರೂ ತಪ್ಪು, ಎರಡೂ ಕಡೆ ಒಂದೇ ತರ ಇರುವುದಿಲ್ಲ. ನಂಬರನ್ನು ಬೇರೆ ಲೇಯರಿನಲ್ಲಿ ಇಟ್ಟು ಅದನ್ನು ಮಾತ್ರ ವಾಪಸ್ ತಿರುಗಿಸಿ. ಎರಡನೇದು ಆಟದ್ದೇ ನಂಬರ್. ಮಿಷನ್ ಎಡಿಟರಿನಲ್ಲಿ ವಿಮಾನಕ್ಕೆ ಕೊಡುವ ಆನ್‌ಬೋರ್ಡ್ ನಂಬರನ್ನು ಆಟ ಬೇರೆ ಡೆಕಲ್ (ಸ್ಟಿಕ್ಕರ್) ಆಗಿ ಮೇಲೆ ಅಂಟಿಸುತ್ತದೆ. ಲುವಾದಲ್ಲಿ ಆ ಡೆಕಲ್ ಸಾಲು ಹುಡುಕಿ, ಅದಕ್ಕೆ ಏನೂ ಇಲ್ಲದ ಪಾರದರ್ಶಕ ಡಿಡಿಎಸ್ ಕೊಡಿ. ಮಾಯ ಆಗುತ್ತದೆ.

ಮಾಡ್ ಬಗ್ಗೆ ಕೇಳಿದ್ದಿರಿ, ಯಾರೂ ಉತ್ತರ ಕೊಟ್ಟಿಲ್ಲ. ಸ್ಕಿನ್ ಹಾಕಿದರೆ ಆನ್‌ಲೈನ್‌ನಲ್ಲಿ ತೊಂದರೆ ಸಾಮಾನ್ಯವಾಗಿ ಇಲ್ಲ. ನಿಮ್ಮ ಸ್ಕಿನ್ ನಿಮಗೆ ಕಾಣುತ್ತದೆ, ಅದೇ ಫೋಲ್ಡರ್ ಇಲ್ಲದವರಿಗೆ ಡೀಫಾಲ್ಟ್ ಬಣ್ಣ ಕಾಣುತ್ತದೆ. ನೀವು ಮದುಮಗನ ತರ ಸಿಂಗರಿಸಿಕೊಂಡು ಹೋದರೂ ಎದುರಿನವರಿಗೆ ಮಾಮೂಲಿ ಮಿಗ್, ಅದು ಬೇಜಾರಿನ ವಿಷಯ. ಜೊತೆಗೆ ಆಡುವ ಗೆಳೆಯರಿಗೆಲ್ಲ ಫೋಲ್ಡರ್ ಹಂಚಿ.

ಮಾಡ್ ಕಥೆ ಬೇರೆ. ಆಟದ ಮೂಲ ಫೋಲ್ಡರಿನಲ್ಲಿ ಫೈಲ್ ಬದಲಾಯಿಸಿದರೆ ಇಂಟಿಗ್ರಿಟಿ ಚೆಕ್ ಅಂತ ಒಂದಿದೆ, ಅದನ್ನು ಆನ್ ಮಾಡಿಟ್ಟ ಸರ್ವರ್‌ಗಳು ನಿಮ್ಮನ್ನು ಒಳಗೇ ಬಿಡುವುದಿಲ್ಲ. ಅದಕ್ಕೇ ಮಾಡ್ ಮ್ಯಾನೇಜರ್ ಬಳಸಿ. ಒವಿಜಿಎಂಇ ಹಳೇದು, ಓಪನ್ ಮಾಡ್ ಮ್ಯಾನೇಜರ್ ಹೊಸದು. ಒಂದು ಕ್ಲಿಕ್ಕಿಗೆ ಹಾಕುತ್ತದೆ, ಒಂದು ಕ್ಲಿಕ್ಕಿಗೆ ತೆಗೆಯುತ್ತದೆ. ಅಪ್‌ಡೇಟ್ ಮಾಡುವ ಮುಂಚೆ ಎಲ್ಲ ಮಾಡ್ ತೆಗೆದು ಆಮೇಲೆ ಮಾಡಿ. ನಾನು ಒಂದು ಸಲ ಮರೆತು, ರಿಪೇರ್ ಕೊಟ್ಟು, ಅರ್ಧ ರಾತ್ರಿ ಡೌನ್‌ಲೋಡ್ ಆಗುವುದನ್ನು ನೋಡುತ್ತಾ ಕೂತಿದ್ದೆ.

ಪೂರ್ತಿ ವಿಮಾನವನ್ನೇ ಮಾಡ್ ಆಗಿ ಮಾಡುವುದಾದರೆ ಅದು ವರ್ಷಗಳ ಕೆಲಸ. ಬ್ಲೆಂಡರ್ ಅಥವಾ ಮ್ಯಾಕ್ಸ್ ಅನ್ನುವ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಮಾಡಿ ಇಡಿಎಂಗೆ ತರುವುದು ಆರಂಭ ಅಷ್ಟೆ, ಅದು ಹಾರುವ ರೀತಿಯನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯಬೇಕು. ಎ-4ಇ ಸ್ಕೈಹಾಕ್ ಅನ್ನು ಹವ್ಯಾಸಿಗಳೇ ಸೇರಿ ಹಾಗೆ ಮಾಡಿ ಪುಕ್ಕಟೆ ಕೊಟ್ಟಿದ್ದಾರೆ. ಹಾಕಿಕೊಂಡು ನೋಡಿ, ಒಂದು ಮಾಡ್ ಎಲ್ಲಿವರೆಗೆ ಹೋಗಬಹುದು ಅಂತ ಗೊತ್ತಾಗುತ್ತದೆ. ಹೊಸಬರು ಯಾರಾದರೂ ಇದನ್ನು ಓದುತ್ತಿದ್ದರೆ, ಸ್ಕಿನ್ ಕಲಿಯಲು ಮಿಗ್-21 ಕೊಳ್ಳಬೇಕಾಗಿಲ್ಲ. ಡಿಸಿಎಸ್ ಜೊತೆ ಬರುವ ಟಿಎಫ್-51 ಮತ್ತು ಸು-25ಟಿ ಎರಡೂ ಉಚಿತ, ಅವುಗಳ ಮೇಲೆ ಕೈ ಪಳಗಿಸಿ.


ಬಾಲಂಗೋಚಿ:

ಹಬ್ಬ ಮುಗಿಯಿತು. ದೊಡ್ಡಪ್ಪ ಬಂದು ಹೋದರು. ಏನಾಯಿತು ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದ್ದರು, ಹಾಗಾಗಿ ಬರೆಯುತ್ತಿದ್ದೇನೆ.

ಊಟ ಆದಮೇಲೆ ಲ್ಯಾಪ್‌ಟಾಪನ್ನು ಟಿವಿಗೆ ಹಾಕಿ ಮಾಡೆಲ್ ವ್ಯೂವರ್ ತೆರೆದೆ. ಕನ್ನಡಕ ಒರೆಸಿಕೊಂಡು ಹತ್ತಿರ ಬಂದು ನಿಂತರು. ಮೊದಲು ಸೀರಿಯಲ್ ನಂಬರನ್ನು ಗಟ್ಟಿಯಾಗಿ ಓದಿದರು. ಆಮೇಲೆ ಸುಮಾರು ಹೊತ್ತು ಮಾತಿಲ್ಲ. ನಾನು ಕಣ್ಣೀರು ಬರಬಹುದು ಅಂದುಕೊಂಡಿದ್ದೆ. ಅವರು ಅಂದಿದ್ದು, 'ಇದಕ್ಕೆ ಯಾರೂ ಏಣಿ ಹಾಕೇ ಇಲ್ಲವಲ್ಲೋ!'

ಮಿಗ್-21ಗೆ ಏಣಿ ಎಡಗಡೆ ಹಾಕುತ್ತಾರಂತೆ. ಬಿಸ್‌ನ ಗಾಜಿನ ಮುಚ್ಚಳ ಬಲಕ್ಕೆ ತೆರೆದುಕೊಳ್ಳುತ್ತದೆ, ಹತ್ತುವುದು ಇಳಿಯುವುದು ಎಲ್ಲ ಎಡಕ್ಕೆ. ನಾನು ಎರಡೂ ಕಡೆ ಒಂದೇ ತರ ಗೀರು ಹಾಕಿದ್ದೆ. 'ಬಲಗಡೆ ಯಾರು ಹತ್ತುತ್ತಾರೆ? ಅಲ್ಲಿ ಬಣ್ಣ ಹೊಸದರ ಹಾಗೇ ಇರುತ್ತಿತ್ತು' ಅಂದರು. ಆಮೇಲೆ ಬೆನ್ನಿನ ಮೇಲೆ ಇಂಧನ ತುಂಬುವ ಮುಚ್ಚಳದ ಹತ್ತಿರ ಬೆರಳಿಟ್ಟರು. ನಾನು ಅಲ್ಲಿಂದ ಹಿಂದಕ್ಕೆ ನೇರವಾಗಿ ಕಲೆ ಎಳೆದಿದ್ದೆ. ಹಾಗಲ್ಲವಂತೆ. ತುಂಬುವಾಗ ವಿಮಾನ ನಿಂತಿರುತ್ತದೆ, ಚೆಲ್ಲಿದ್ದು ಮೊದಲು ಪಕ್ಕಕ್ಕೆ ಕೆಳಗೆ ಇಳಿಯುತ್ತದೆ. ಹಾರಿದ ಮೇಲೆ ಗಾಳಿ ಅದನ್ನು ಹಿಂದಕ್ಕೆ ಎಳೆಯುತ್ತದೆ. ಹಾಗಾಗಿ ಕಲೆ ಕೊಕ್ಕೆಯ ಹಾಗೆ ಬಾಗಿರುತ್ತದೆ. ಹಬ್ಬದ ಎಲೆ ತುದಿಯಲ್ಲಿ ಸಾರು ಹರಿದು ತೋರಿಸಿದ ಹಾಗೆ ಟಿವಿ ಮೇಲೆ ಬೆರಳಿನಲ್ಲೇ ಎಳೆದು ತೋರಿಸಿದರು. ಟಿವಿ ಮೇಲೆ ಆ ಗೆರೆ ಇನ್ನೂ ಇದೆ, ಒರೆಸಿಲ್ಲ. ಹೊಟ್ಟೆ ಕೆಳಗೆ ಜಿಎಸ್‌ಎಚ್-23 ಗನ್ ಹತ್ತಿರದ ಮಸಿ ಕಡಿಮೆಯಾಯಿತು ಅಂದರು. ಬಾಲದ ಬುಡದಲ್ಲಿ ಬ್ರೇಕ್ ಪ್ಯಾರಾಚೂಟಿನ ಬಾಗಿಲು ತೀರಾ ಚೊಕ್ಕಟವಾಗಿದೆ, ದಿನಾ ತೆರೆದು ಮುಚ್ಚುವ ಜಾಗ ಅದು ಅಂದರು. ರಷ್ಯನ್ ಸ್ಟೆನ್ಸಿಲ್ ಒಂದು ಉಳಿದುಕೊಂಡಿತ್ತು, ಅದಂತೂ ಮೊದಲ ನೋಟಕ್ಕೇ ಸಿಕ್ಕಿಬಿತ್ತು. 'ನಾವು ಓದುತ್ತಿದ್ದಿದ್ದು ಇಂಗ್ಲಿಷು' ಅಂದರು. ಗೂಟದಕಾಗೆ ಅವರೇ, ನೀವು ಅವರ ಜೊತೆ ಒಂದು ಸಲ ಕೂರಬೇಕು.

ಬಣ್ಣ ಸರಿಯಾಗಿದೆಯಾ ಅಂತ ಕೇಳಿದ್ದಕ್ಕೆ, 'ಬಣ್ಣ ಯಾರಿಗೆ ನೆನಪಿದೆ, ಒಂದೊಂದು ಒಂದೊಂದು ತರ ಇತ್ತು' ಅಂದುಬಿಟ್ಟರು. ನಾನು ಮೂರು ರಾತ್ರಿ ಕೂತು ಆ ಹಸಿರನ್ನು ಹೊಂದಿಸಿದ್ದೆ.

ಈಗ ಹೊಸ ಕೆಲಸ ಕೊಟ್ಟು ಹೋಗಿದ್ದಾರೆ. ವಿಮಾನವನ್ನು ತಿರುಗಿಸಿ ಕೆಳಗಿನಿಂದ ತೋರಿಸು ಅಂದರು, ಚಕ್ರ ಒಳಗೆ ಹೋಗುವ ಗೂಡಿನೊಳಗೆ ಇಣುಕಿ ನೋಡಿದರು. ಅವರ ಅರ್ಧ ದಿನ ಕಳೆಯುತ್ತಿದ್ದಿದ್ದು ಅದರೊಳಗೆ ತಲೆ ಹಾಕಿಕೊಂಡಂತೆ. ಅದನ್ನು ಡೀಫಾಲ್ಟ್ ಬಿಟ್ಟಿದ್ದೆ. ಆ ಗೂಡಿನ ಒಳಗಿನ ಟೆಕ್ಸ್ಚರ್ ಯಾವ ಫೈಲಿನಲ್ಲಿರುತ್ತದೆ? ಮೈಯ ಫೈಲುಗಳಲ್ಲಿ ಹುಡುಕಿದೆ, ಸಿಗಲಿಲ್ಲ.


ರನ್‌ವೇ_ತುದಿ:

ಮೈಯ ಫೈಲಿನಲ್ಲಿ ಇಲ್ಲದಿದ್ದರೆ ಲ್ಯಾಂಡಿಂಗ್ ಗೇರಿನ ಫೈಲಿನ ಜೊತೆ ಇದೆಯಾ ನೋಡಿ. ಗೊತ್ತು ಮಾಡಿಕೊಳ್ಳಲು ಸುಲಭದ ದಾರಿ ಇದೆ. ಅನುಮಾನ ಇರುವ ಫೈಲನ್ನು ಪೂರ್ತಿ ಗುಲಾಬಿ ಬಣ್ಣ ಮಾಡಿ ಸೇವ್ ಮಾಡಿ, ಲುವಾದಲ್ಲಿ ಫಾಲ್ಸ್ ಕೊಟ್ಟು ಮಾಡೆಲ್ ವ್ಯೂವರ್‌ನಲ್ಲಿ ಚಕ್ರ ಕೆಳಗಿಳಿಸಿ. ಎಲ್ಲಿ ಗುಲಾಬಿ ಆಗುತ್ತದೋ ಅದೇ. ಮೂಲ ಫೈಲಿನ ಕಾಪಿ ಇಟ್ಟುಕೊಳ್ಳುವುದು ಮರೆಯಬೇಡಿ, ಮರೆತರೆ ದೊಡ್ಡಪ್ಪನಿಗೆ ಗುಲಾಬಿ ಗೂಡು ತೋರಿಸಬೇಕಾಗುತ್ತದೆ.